ಐಚ್ಛಿಕ ವಿಷಯ

ದೆಹಲಿಯ ಮುನಿರ್ಕಾದ ಬಸ್ ಸ್ಟಾಪಿನಲ್ಲಿ ಬೆನ್ನ ಹಿಂದೆ ಕನ್ನಡ ಕೇಳಿಸಿದಾಗ ಅಹಲ್ಯಾಳ ಕಿವಿ ನಿಮಿರಿತು. ಮಾತಾಡುತ್ತಿದ್ದವರು ಪತ್ರಿಕೋದ್ಯಮದ ಮೇಷ್ಟ್ರೊಬ್ಬರು ಮತ್ತು ಅವರ ಹಳೆಯ ವಿದ್ಯಾರ್ಥಿನಿ.

“ಪಾಡ್‌ಕಾಸ್ಟು, ಡೇಟಾ, ಎಐ ಎಲ್ಲಾ ಬಂತು ನಿಹಾರಿಕಾ. ಒಳ್ಳೇದೇ. ನಾನೂ ಕೂತು ಕಲಿತೆ.”

“ನಿಮ್ಮ ರಿಪೋರ್ಟಿಂಗ್ ಕ್ಲಾಸು, ಸರ್?”

“ಐಚ್ಛಿಕ ಮಾಡಿದ್ರು. ಈ ವರ್ಷ ಇಬ್ಬರೇ ತಗೊಂಡ್ರು. ಕ್ಲಾಸೂ ಹೋಯ್ತು, ನನ್ನ ಕೆಲಸಾನೂ ಹೋಯ್ತು.”

“ಆ ಇಬ್ಬರು?”

“ಕಾರ್ಪೊರೇಟ್ ಕಮ್ಯುನಿಕೇಷನ್‌ಗೆ ಹಾಕಿದ್ರು. ಕಲಿಸೋಕೆ ಗುರುಗ್ರಾಮದಿಂದ ಯಾರೋ ಬರ್ತಾರಂತೆ.”



“ನಾನೇ ಸರ್. ಅದನ್ನ ಹೇಳೋಕೇ ಬಂದೆ.”

ಮೇಷ್ಟ್ರು ನಗಲು ನೋಡಿದರು, ಆಗಲಿಲ್ಲ.

“ಅವತ್ತು ಕಟ್ಟಡ ಕುಸಿದಾಗ, ಸತ್ತ ಕೂಲಿಯವರ ಹೆಸರಿಗೋಸ್ಕರ ಮೂರು ದಿನ ಆಸ್ಪತ್ರೆ ಅಲೆದವಳು ನೀನು. ಈಗ ಏನು ಕಲಿಸ್ತೀಯಮ್ಮ?”

“ಅಂಥದ್ದಾದಾಗ ಕಂಪನಿಯವರು ಪ್ರೆಸ್‌ಗೆ ಏನು ಹೇಳಬೇಕು ಅಂತ, ಸರ್.”

ಬಸ್ ಬಂತು.

“ಚೆನ್ನಾಗೇ ಕಲಿಸ್ತೀಯ ಬಿಡು. ಪ್ರೆಸ್‌ನವರು ಏನೇನು ಕೇಳ್ತಾರೆ ಅಂತ ನಿನಗೆ ಗೊತ್ತಲ್ಲ,” ಎಂದು ಮೇಷ್ಟ್ರು ಹತ್ತಿದರು.

ನಿಹಾರಿಕಾ ಮೆಟ್ರೊ ಕಡೆ ತಿರುಗಿದಳು. ಅಹಲ್ಯಾ ಅವಳ ಮುಖ ನೋಡದೆ ದಾರಿ ಬಿಟ್ಟಳು.