ಬೇಲಿಯೊಳಗ ಯಾರೂ ಇರಲ್ಲ

...ಕೊಡ್ಲಿ ಕೆಳಗಿಡ್ರಿ ಬಕ್ಕಪ್ಪಣ್ಣ! ಇಡ್ರಿ ಅಂದ್ನಲ್ಲ! ಲ್ಯಾಪ್‌ಟಾಪ್ ಒಡದ್ರಿ, ಆತು. ನನ್ನ ಕೈ ಮುರದ್ರಿ, ನೋಡ್ರಿ, ಬೆರಳು ಹ್ಯಾಂಗ ಜೋತಾಡ್ಲತ್ತಾವ... ಅದೂ ಆತು. ಈ ಅಮರನಾಥನ ತಲಿ ಸೀಳಿದ್ರ ನಿಮ್ಮ ತಮ್ಮ ಬಾಲರಾಜ ಎದ್ದು ಬರ್ತಾನೇನ್ರಿ?

ಕೇಳ್ರಿ ಮೊದಲ. ಉಪಗ್ರಹ ಒಯ್ಯೋ ರಾಕೆಟ್ಟಿನ ಇಂಜಿನ್ ಅದು. ಬಶೀರಾಬಾದ್ ಮೈದಾನದಾಗ ಪರೀಕ್ಷೆ. ಹೊತ್ತಸೋದು, ಆರಸೋದು, ಎಲ್ಲಾ ಸಾಫ್ಟ್‌ವೇರ್. ಅದು ಎಲ್ಲಿ ಕೈಕೊಡ್ತದ, ಕೊಟ್ರ ಎಷ್ಟು ಜನ ಸಾಯ್ತಾರ, ಮೊದಲೇ ಅಳದು ಬರಿಯೋದು ನನ್ನ ಕೆಲಸ... ಯಾಕ ನಗ್ತೀರಿ? ನಗಬ್ಯಾಡ್ರಿ! ಖರೇನೇ ಅದೇ ನನ್ನ ನೌಕರಿ!

ಒಂದು ಗಲ್ತಿ ಇತ್ತು. ಕರೆಂಟ್ ಹೋಗಿ ಬಂದ್ರ ಕಂಪ್ಯೂಟರ್ ಮತ್ತ ಚಾಲೂ ಆಗಿ, ಯಾರೂ ಹೇಳದೇ ಇಂಜಿನ್ನಿಗೆ ಬೆಂಕಿ ಕೊಡ್ತಿತ್ತು. ಹೂಂ, ಗೊತ್ತಿತ್ತು! ವರದಿ ಹಾಳ್ಯಾಗ ಬರ್ದೂ ಬರ್ದೀನಿ! ಮುಂದಿನ ಖಾನೆದಾಗ ಕೇಳ್ತಾರ, ಯಾರ ಜೀವಕ್ಕ ಅಪಾಯ ಅಂತ. ಇಂಧನ ತುಂಬಿದ ಮ್ಯಾಲ ಬೇಲಿಯೊಳಗ ಯಾರೂ ಇರಲ್ಲ, ಅಪಾಯ ಕಡಿಮಿ... ಹಂಗ ಬರ್ದೆ. ಕಾಯ್ದೆ ಹಂಗೇ ಅದ ಅಲ್ರಿ!

ಆದ್ರ ಕಾಯಿ... ಇಂಧನ ತುಂಬಿದ ಮ್ಯಾಲ ಪ್ರತಿ ಸಲ ನನ್ನ ಕೈಕೆಳಗಿದ್ದ ಬಾಲರಾಜ ಒಳಗ ಹೋಗಿ ಇಂಜಿನ್ನಿಗೆ ಕಾಯಿ ಒಡೀತಿದ್ದ. ದೊಡ್ಡ ಸಾಹೇಬ್ರೂ ದೂರದಿಂದ ಕೈ ಮುಗೀತಿದ್ರು. ತೆಂಗಿನಕಾಯಿಗೆ ನನ್ನ ಹಾಳ್ಯಾಗ ಖಾನೆ ಎಲ್ಲದಣ್ಣ?

ಅವತ್ತು ಅವ ಒಳಗಿದ್ದಾಗೇ ಕರೆಂಟ್ ಹೋಗಿ ಬಂತು, ಇಂಜಿನ್ ಹೊತ್ತಿತು. ನಾನೇ ಓಡಿದೆ ಮೊದಲ. ಎತ್ತಾಕ ಹೋದ್ರ ತೋಳಿನ ಚರ್ಮ ನನ್ನ ಅಂಗೈಗೆ ಬಂತು... ಇನ್ನೂ ಬಾಯಿ ಆಡ್ತಿತ್ತು... ಕೈ ತೊಳದು ತೊಳದು ಸಾಕಾಗ್ಯದ ನನಗ.

ಯಾರೂ ಕಳಸಿಲ್ಲ ಅವನ್ನ. ತಾನಾಗೇ ಹೋದ. ‘ಮಗಳು ಹುಟ್ಯಾಳ, ಇವತ್ತಿನ ಕಾಯಿ ಅಕಿ ಹೆಸರಿಲೆ’ ಅಂತ ಖುಷಿಲೆ ಹೋದ...

ಯಾಕ್ರಿ? ಬೆರಳ ಮ್ಯಾಲ ಯಾವ ದಿನ ಎಣಸ್ಲತ್ತೀರಿ? ಇಷ್ಟೊತ್ತು ಬೈದ್ರಲ್ಲ, ಬೈರಿ! ಹಂಗ ನೋಡಬ್ಯಾಡ್ರಿ... ಅಣ್ಣಾ...

ಪುರುಡು. ಹೌದು. ಅವತ್ತಿಗೆ ಕೂಸು ಹುಟ್ಟಿ ನಾಕೇ ದಿನ. ಹನ್ನೊಂದು ದಿನ ನಿಮ್ಮ ಮನ್ಯಾಗ ಯಾರೂ ದೇವರ ಕಾಯಿ ಮುಟ್ಟಲ್ಲ... ಅವನೂ ಅದೇ ಅಂದ. ‘ನಾ ಒಲ್ಲೆ ಸರ್, ನೀವೇ ಒಡೀರಿ.’ ಸಾಹೇಬ್ರು ನನಗೇ ಹೋಗು ಅಂದ್ರು. ಮುಂಜಾನಿಂದ ಎರಡು ಸಲ ಕರೆಂಟ್ ಹೋಗಿ ಬಂದಿತ್ತು. ನಾ ಒಳಗ ಹೋಗಲಿಲ್ಲ. ಕಾಯಿ ಅವನ ಎದಿಗೆ ಒತ್ತಿದೆ. ‘ಹೋಗಲೇ, ಇಲ್ಲಂದ್ರ ನಾಳಿಂದ ಬರಬ್ಯಾಡ’ ಅಂದೆ.

ಬೇಲಿಯೊಳಗ ಎಷ್ಟು ಅಪಾಯ ಅದ ಅಂತ ನನಗೊಬ್ಬನಿಗೇ ಗೊತ್ತಿತ್ತಣ್ಣ.

...ಕೊಡ್ಲಿ ಯಾಕ ಕೆಳಗಿಟ್ರಿ? ಎಲ್ಲಿ ಹೊಂಟ್ರಿ? ಎತ್ರಿ... ಏನಾದ್ರೂ ಅನ್ರಿ!