ಹಸಿ ವಾರ್ನಿಷಿನ ಮೇಲೆ ವಿಭೂತಿ

ಭಾಲ್ಕಿ ಬಸ್ ನಿಲ್ದಾಣದಲ್ಲಿ ಔರಾದ ಬಸ್ಸಿಗೆ ಕಾಯುತ್ತಿದ್ದ ಸುಭದ್ರಾಬಾಯಿಯ ಕಿವಿಯೆಲ್ಲ ಪಕ್ಕದಲ್ಲಿ ಕುಳಿತ ಬಡಗಿ ಹಾವಗೆಪ್ಪ ಮತ್ತವನ ಹೆಂಡತಿ ವಿಮಲಾಬಾಯಿಯ ಮಾತಿನ ಮೇಲಿತ್ತು.

“ದೋಣಿ ಅಂಚಿನ ಮಹಾಗನಿ ಪಟ್ಟಿ ಮೂರು ದಿನ ಉಜ್ಜಿ ವಾರ್ನಿಷ್ ಹೊಡದೆ. ಒಣಗೂದರೊಳಗ ಮುಂದಿನ ತುದಿಗಿ ವಿಭೂತಿ ಯಾಕ ಹಚ್ಚಿದಿ?”

“ನೀರಿಗಿ ಇಳಿಯೂ ದೋಣಿರಿ. ಬೋಳು ಹಣಿಲಿ ಕಳಸ್ಲೇನ್ರಿ?”

“ಮೂರೂ ಗೆರಿ ಅಂಟಿಬಿಟ್ಟಾವ. ನಾಳಿ ದೋಣಿ ಮಾಡಸಿದ ಸಾಹೇಬ್ರು ನೋಡಿದ್ರ ಕೆಲಸ ಕೆಟ್ಟದ ಅಂತಾರ.”

“ಉಜ್ಜಿ ತಗೀರಿ ಮತ್ತ.”

“ವಿಭೂತಿ ಮ್ಯಾಲ ಪಾಲಿಶ್ ಕಾಗದ ಆಡಸ್ಲ್ಯಾ? ಶಿವ ಶಿವಾ!”

“ಹಂಗಾರ ಅದರ ಮ್ಯಾಲೇ ಇನ್ನೊಂದು ಕೈ ವಾರ್ನಿಷ್ ಹೊಡೀರಿ.”

“ಹೊಡದ್ರ ಎಂದೂ ಅಳಸಂಗಿಲ್ಲ!”

“ಚಲೋನೇ ಆತಲ್ರಿ. ನಿಮ್ಮ ಹಣಿದು ಮಧ್ಯಾಹ್ನಕ್ಕೇ ಬೆವರಿಗಿ ಅಳಸ್ತದ.”

ಅವರ ಬಸ್ಸು ಬಂತು. ಮೆಟ್ಟಿಲು ಹತ್ತುತ್ತ ಹಾವಗೆಪ್ಪ ದನಿ ತಗ್ಗಿಸಿದ.

“ವಿಭೂತಿ ಉಳದದೇನು? ಹಿಂದಿನ ತುದಿಗೂ ಹಚ್ಚು. ಒಂದೇ ಕಡಿ ಇದ್ರ ತಪ್ಪಂತಾರ, ಎರಡೂ ಕಡಿ ಇದ್ರ ಡಿಸೈನ್ ಅಂತಾರ.”