‘ಸರಿಹೋಯಿತು, ಥ್ಯಾಂಕ್ಸ್’ ಎಂದು ಬರೆದು ಹೋದವಳು

ನನಗೆ ಮದುವೆಯಾಗಿ ಇವತ್ತಿಗೆ ಹನ್ನೊಂದು ದಿನ! ಅಯ್ಯೋ, ಕ್ಷಮಿಸಿ, ಮೊದಲು ಹೇಳಬೇಕಾದದ್ದು ಬೇರೆ. ಮಾನ್ಯ ಅಧ್ಯಕ್ಷರೇ, ಇಂದು ಸನ್ಮಾನಗೊಂಡ ನಮ್ಮ ಮೆಕ್ಯಾನಿಕ್ ತಾತನವರೇ, ಇಷ್ಟು ವರ್ಷ ಅಕ್ಷರದಲ್ಲಷ್ಟೇ ಕಂಡು ಇವತ್ತು ಮುಖ ತೋರಿಸಿದ ಬ್ರೈಲ್ ಯಂತ್ರ ಬಳಗದ ಸಭಿಕರೇ. ವಂದನಾರ್ಪಣೆ ನನ್ನ ಪಾಲಿಗೆ ಬಂದಿದೆ, ನಾನೋ ಇಂಗ್ಲಿಷ್ ಮೀಡಿಯಮ್ಮಿನವಳು. ತಪ್ಪಿದರೆ ನಗಿ, ಸ್ವಲ್ಪ ಮೆಲ್ಲಗೆ.

ನಾನು ಅಂಧ ಮಕ್ಕಳ ಶಾಲೆಯ ಟೀಚರ್. ಮೂರು ವರ್ಷದ ಹಿಂದೆ, ಕಾಗದದ ಮೇಲೆ ಉಬ್ಬು ಚುಕ್ಕಿ ಮೂಡಿಸುವ ನಮ್ಮ ಬ್ರೈಲ್ ಪ್ರಿಂಟರ್ ನಿಂತಿತು. ಬಳಗದ ಆನ್‌ಲೈನ್ ಗುಂಪಿನಲ್ಲಿ, ‘ಅರ್ಜೆಂಟ್! ಪ್ರಿಂಟರ್ ಕೆಲಸ ಮಾಡುತ್ತಿಲ್ಲ! ಹೆಲ್ಪ್!’ ಎಂದು ಬರೆದೆ. ತಾತ ಉತ್ತರಿಸಿದರು: “ಕೆಲಸ ಮಾಡ್ತಿಲ್ಲ ಅಂದ್ರೆ ನನಗೇನು ಗೊತ್ತಾಗುತ್ತಮ್ಮ? ಮೆಷಿನ್ ಯಾವುದು, ಪರದೆ ಮೇಲೆ ಏನು ಬಂತು, ನೀವು ಏನೇನು ಮಾಡಿ ನೋಡಿದ್ರಿ, ಬರೀರಿ.”

ಮೈಯೆಲ್ಲ ಉರಿಯಿತು. ಸಹಾಯ ಕೇಳಿದರೆ ಪ್ರಶ್ನೆಪತ್ರಿಕೆ ಕೊಡುವುದೇ? ಆದರೂ ಬರೆಯಲು ಕೂತೆ. ಪರದೆಯಲ್ಲಿ ‘ಪೇಪರ್ ಇಲ್ಲ’ ಎಂದಿದೆ, ಒಳಗೆ ಪೇಪರ್ ಇದೆ. ಹಾಗಾದರೆ ಅದಕ್ಕೆ ಕಾಣುತ್ತಿಲ್ಲ! ಬಗ್ಗಿ ನೋಡಿದರೆ ಪೇಪರ್ ಹಾದುಹೋಗುವ ಜಾಗದ ಪುಟ್ಟ ಗಾಜಿನ ಕಣ್ಣಿಗೆ ಧೂಳು. ಬ್ರಶ್ಶಿನಿಂದ ಒರೆಸಿದೆ, ಟಕಟಕ ಶುರುವಾಯಿತು. ಪ್ರಶ್ನೆ ಸರಿಯಾಗಿ ಬರೆಯುವಾಗಲೇ ಉತ್ತರ ಸಿಕ್ಕಿತ್ತು.

ಸರಿಹೋದ ಮೇಲೆ ಏನಾಗಿತ್ತೆಂದು ಬರೆಯುವುದು ಬಳಗದ ನಿಯಮ. ನಾನು ಬರೆದದ್ದು, ‘ಸರಿಹೋಯಿತು, ಥ್ಯಾಂಕ್ಸ್’. ಇಷ್ಟು ಕಿರುಚಾಡಿ ಕೊನೆಗೆ ಬರೀ ಧೂಳು ಎನ್ನಲು ನಾಚಿಕೆ.

ಮರುವರ್ಷ ಇನ್ನೊಂದು ಊರಿನ ಮೇಷ್ಟರೊಬ್ಬರು ನನ್ನ ಪ್ರಶ್ನೆಯ ಕೆಳಗೇ ಬರೆದರು. ಅದೇ ಮೆಷಿನ್, ಅದೇ ತೊಂದರೆ, ಮಾಡಿ ನೋಡಿದ್ದೆಲ್ಲದರ ವಿವರ. ‘ನಾಲ್ಕು ದಿನಕ್ಕೆ ಪರೀಕ್ಷೆ. ನಿಮ್ಮದು ಹೇಗೆ ಸರಿಹೋಯಿತು, ಹೇಳುವಿರಾ?’ ತಾತನಿಗೆ ಆ ವಾರ ಕಣ್ಣಿನ ಆಪರೇಷನ್. ನಾನು ಗುಂಪು ತೆರೆದದ್ದು ಒಂಬತ್ತು ದಿನಕ್ಕೆ. ಅಷ್ಟರಲ್ಲಿ ಆ ಮೇಷ್ಟರು, ಅವರ ಶಾಲೆಯ ಅಡುಗೆಯವರು ಸೇರಿ ಮೂವತ್ತೆರಡು ಮಕ್ಕಳ ಪ್ರಶ್ನೆಪತ್ರಿಕೆಗಳನ್ನು ಕೈಯಲ್ಲೇ ಬ್ರೈಲ್ ಕಡ್ಡಿಯಿಂದ ಚುಕ್ಕಿ ಚುಕ್ಕಿಯಾಗಿ ಚುಚ್ಚಿ ಮುಗಿಸಿದ್ದರು. ಬೆರಳೆಲ್ಲ ಬೊಬ್ಬೆ. ನನ್ನ ಒಂದು ಸಾಲಿನ ನಾಚಿಕೆಗೆ!

ಅಳುತ್ತಲೇ ಎಲ್ಲವನ್ನೂ ಬರೆದೆ, ಕ್ಷಮೆ ಕೇಳಿದೆ. ಅವರ ಉತ್ತರ: “ಪರವಾಗಿಲ್ಲ ಮೇಡಂ, ಮುಂದಿನವರಿಗಾಗುತ್ತೆ.” ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಬೈಯಲಿಲ್ಲ, ಅವರನ್ನೇ ಮದುವೆಯಾದೆ.

ನಾನು ಅಂದು ಬರೆದಿಟ್ಟ ಧೂಳಿನ ಉತ್ತರದಿಂದ ಇಂದಿನವರೆಗೆ ಹದಿನಾಲ್ಕು ಶಾಲೆಗಳ ಯಂತ್ರಗಳು ನಡೆದಿವೆ. ತಾತ, ನೀವು ಅಂದು ನನಗೆ ಉತ್ತರ ಕೊಡದೆ ಪ್ರಶ್ನೆ ಕೇಳಲು ಕಲಿಸಿದಿರಿ. ಆ ಉಪಕಾರ ದೊಡ್ಡದು.

ಮದುವೆಯಾದ ಮೇಲೂ ನಮ್ಮ ಶಾಲೆಯ ಪರೀಕ್ಷೆಗೆಂದು ನಾನು ಈ ಊರಲ್ಲೇ ಉಳಿದಿದ್ದೇನೆ, ಅವರು ಅವರ ಊರಲ್ಲಿ. ನಿನ್ನೆ ನಮ್ಮವರು ಗುಂಪಿನಲ್ಲಿ ಕೇಳಿದ್ದಾರೆ: ‘ಮದುವೆಯಾಗಿ ಹತ್ತು ದಿನ. ಹೆಂಡತಿ ಇನ್ನೂ ಬಂದಿಲ್ಲ. ಮಾಡಿ ನೋಡಿದ್ದು: ಮೂರು ಸಲ ಫೋನ್. ಪರದೆ ಮೇಲೆ ಬಂದದ್ದು: ಪರೀಕ್ಷೆ ಮುಗಿಯಲಿ.’ ನೀವೆಲ್ಲ ನಕ್ಕಿದ್ದೀರಿ, ಒಬ್ಬರೂ ಉತ್ತರಿಸಿಲ್ಲ. ಎಲ್ಲರೆದುರು ಕೇಳಿದ್ದಕ್ಕೆ ಎಲ್ಲರೆದುರೇ ಉತ್ತರ ಕೊಡಬೇಕಲ್ಲವೇ? ಈ ಸಲ ಒಂದು ಸಾಲು ಬರೆದು ಹೋಗುವುದಿಲ್ಲ, ಪೂರ್ತಿ ಹೇಳುತ್ತೇನೆ. ಅದಕ್ಕೆ ಮೊದಲು ನಿಮಗೆಲ್ಲ ಧನ್ಯವಾದ, ನಮಸ್ಕಾರ.

ಉತ್ತರ: ಶುಕ್ರವಾರ, ಬೆಳಿಗ್ಗೆ ಆರೂ ನಲವತ್ತಕ್ಕೆ ನಿಮ್ಮೂರು ತಲುಪುವ ಪ್ಯಾಸೆಂಜರ್ ರೈಲು, ಹಿಂದಿನಿಂದ ಮೂರನೆಯ ಬೋಗಿ.